ಯಾರಾದರೂ ಪಕ್ಕದಲ್ಲಿ ಕೂತು ನೋಡಬೇಕಿತ್ತು

ಫೈನಲ್ ಇಯರ್ ಮೆಡಿಸಿನ್ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಲಾಂಗ್ ಕೇಸ್ ಆಗಿ, ಅಂದರೆ ಪೂರ್ತಿ ವಿಚಾರಿಸಿ, ಪರೀಕ್ಷಿಸಿ ಆಮೇಲೆ ಪರೀಕ್ಷಕರಿಗೆ ಒಪ್ಪಿಸಬೇಕಾದ ರೋಗಿಯಾಗಿ, ಬಂದವರು ಒಬ್ಬ ಅಜ್ಜ. ಉಬ್ಬಸ. ಎರಡು ಮಾತಾಡಿದರೆ ದಮ್ಮು ಕಟ್ಟುತ್ತಿತ್ತು. ನನಗಿದ್ದದ್ದು ಮುಕ್ಕಾಲು ಗಂಟೆ. ಒಂದು ಕಣ್ಣು ಗಡಿಯಾರದ ಮೇಲಿಟ್ಟು ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದೆ. ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂದಿರುತ್ತಿತ್ತು. ಕೇಳದೆಯೇ ಅಂಗಿ ಸರಿಸಿದೆ, ತಣ್ಣಗಿದ್ದ ಸ್ಟೆತ್ ಎದೆಗೆ ಒತ್ತಿದೆ. ಅಜ್ಜ ಬೆಚ್ಚಿದರು, ಏನೂ ಅನ್ನಲಿಲ್ಲ.

ಆಮೇಲೆ ಪರೀಕ್ಷಕರು ಬಂದರು. ಅಜ್ಜನ ಕಾಯಿಲೆಯ ಹಿಸ್ಟರಿಯನ್ನು ಇಂಗ್ಲಿಷಿನಲ್ಲಿ ಸರಾಗವಾಗಿ ಒಪ್ಪಿಸಿದೆ. ಡಯಾಗ್ನೋಸಿಸ್ ಸರಿಯಿತ್ತು. ಪಾಸಾದೆ. ಆ ಮುಕ್ಕಾಲು ಗಂಟೆ ನಾನು ಅಜ್ಜನ ಜೊತೆ ಹೇಗೆ ನಡೆದುಕೊಂಡೆ ಅನ್ನುವುದು ಅವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಪರೀಕ್ಷೆಯಲ್ಲಿ ಮಾತ್ರವಲ್ಲ, ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಹೌಸ್ ಸರ್ಜನ್ಸಿ, ಇಷ್ಟರಲ್ಲಿ ನಾನು ರೋಗಿಯ ಜೊತೆ ಮಾತಾಡುವುದನ್ನು ಮೊದಲಿಂದ ಕೊನೆಯವರೆಗೆ ಒಬ್ಬ ಮೇಷ್ಟ್ರೂ ಕೂತು ನೋಡಲಿಲ್ಲ.

ನೋಡಿದ್ದು ಸ್ಕಾಟ್ಲೆಂಡಿಗೆ ಬಂದ ಮೇಲೆ. ಇಲ್ಲಿ ಕಲಿಯುವ ಡಾಕ್ಟರುಗಳಿಗೆ ಮಿನಿ-ಸಿಇಎಕ್ಸ್ (mini-CEX) ಅಂತ ಒಂದು ಪದ್ಧತಿ ಇದೆ. ಹದಿನೈದು ನಿಮಿಷ ನೀವು ರೋಗಿಯನ್ನು ನೋಡುತ್ತೀರಿ, ಸೀನಿಯರ್ ಒಬ್ಬರು ಮೂಲೆಯಲ್ಲಿ ಸುಮ್ನೆ ಕೂತು ನಿಮ್ಮನ್ನು ನೋಡುತ್ತಾರೆ. ಮೊದಲನೇ ಸಲ ಕೈ ಬೆವರಿತ್ತು. ಮುಗಿದ ಮೇಲೆ ಅವರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ಬೈಗುಳಕ್ಕೆ ತಯಾರಾಗಿಯೇ ಹೋದೆ. ಅವರು ಹೇಳಿದ್ದು ಇಷ್ಟೇ: "ಆಕೆ ಎರಡು ಸಲ ಮಗನ ವಿಷಯ ಹೇಳಲು ಬಾಯಿ ತೆರೆದರು. ಎರಡು ಸಲವೂ ನೀವು ಮಾತ್ರೆಯ ವಿಷಯಕ್ಕೆ ಹೋದಿರಿ. ವಾಪಸ್ ಹೋಗಿ ಒಂದ್ಸಲ ಕೇಳಿ." ಹೋಗಿ ಕೇಳಿದೆ. ಮಾತ್ರೆ ತಂದುಕೊಡುತ್ತಿದ್ದ ಮಗ ಊರು ಬಿಟ್ಟಿದ್ದ. ಆಕೆ ಮೂರು ವಾರದಿಂದ ಮಾತ್ರೆಯನ್ನೇ ತಗೊಂಡಿರಲಿಲ್ಲ.

ನನ್ನ ಮಟ್ಟಿಗೆ ಕಲಿಸುವುದು ಅಂದರೆ ಏನು ಅಂತ ಗೊತ್ತಾಗಿದ್ದು ಅವತ್ತು.

ಈ ದೇಶದಲ್ಲೂ ಮೊದಲಿಂದ ಹೀಗಿರಲಿಲ್ಲ. ಇಲ್ಲಿನ ಡಂಡೀ ಊರಿನಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು ಲಾಂಗ್ ಕೇಸಿನ ದೋಷಗಳನ್ನು ನೋಡಿ ಬೇರೆ ಥರದ ಪರೀಕ್ಷೆಯೊಂದನ್ನು ಕಟ್ಟಿದರು. 1975ರಲ್ಲಿ ಅದರ ಬಗ್ಗೆ ಬರೆದು ಪ್ರಕಟಿಸಿದರು. ಅದೇ ಇವತ್ತಿನ ಓಸ್ಕಿ. ವಿದ್ಯಾರ್ಥಿ ಒಂದೊಂದೇ ಸ್ಟೇಷನ್ನಿಗೆ ಹೋಗುತ್ತಾನೆ, ಅವನು ಮಾಡುವುದನ್ನು ಪರೀಕ್ಷಕರು ಕಣ್ಣಾರೆ ನೋಡುತ್ತಾರೆ. ಎಲ್ಲರಿಗೂ ಒಂದೇ ಅಳತೆ. ಹಾರ್ಡನ್ ಕೂಡ ನಮ್ಮ ಮೇಷ್ಟ್ರುಗಳ ಹಾಗೆ ವಾರ್ಡು, ಕ್ಲಾಸು ನಡುವೆ ಓಡಾಡುತ್ತಿದ್ದವರೇ. ಆದರೆ ತಾವು ಕಲಿಸುವ ರೀತಿಯನ್ನೇ ಒಂದು ಸಂಶೋಧನೆಯ ವಿಷಯ ಅಂತ ನೋಡಿದರು, ಬರೆದಿಟ್ಟರು. ನಮ್ಮಲ್ಲಿ ಅದ್ಭುತವಾಗಿ ಪಾಠ ಮಾಡುತ್ತಿದ್ದ ಮೇಷ್ಟ್ರುಗಳಿದ್ದರು. ಅವರು ನಿವೃತ್ತರಾದ ದಿನ ಅವರ ಜಾಣ್ಮೆಯೂ ಮನೆಗೆ ಹೋಯಿತು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಹಾಗಂತ ಇಲ್ಲಿನದೆಲ್ಲ ಮೇಲು ಅಂತ ನಾನು ಹೇಳುವುದಿಲ್ಲ. ಓಸ್ಕಿಯಲ್ಲಿ ರೋಗಿ ಚೂರುಚೂರಾಗಿ ಬರುತ್ತಾನೆ, ಇಲ್ಲೊಂದು ಮಂಡಿ, ಅಲ್ಲೊಂದು ಹೊಟ್ಟೆ. ನಗು, ಪರಿಚಯ, ಕೈ ತೊಳೆಯುವುದು ಎಲ್ಲ ಬಾಯಿಪಾಠ ಆಗಿಬಿಡುತ್ತದೆ. ಇನ್ನು ಅನುಭವದ ಮಾತು ಬಂದರೆ ನಮ್ಮ ಜಿಲ್ಲಾ ಆಸ್ಪತ್ರೆಯ ಒಂದು ಬೆಳಗಿನ ಓಪಿಡಿಗೆ ಸಾಟಿಯಿಲ್ಲ. ಟಿಬಿ, ಡೆಂಗ್ಯೂ, ಹಾವು ಕಡಿತ, ರುಮ್ಯಾಟಿಕ್ ಜ್ವರದಿಂದ ಕೆಟ್ಟ ಹೃದಯದ ಕವಾಟ. ಇದನ್ನೆಲ್ಲ ಇಲ್ಲಿನ ಹುಡುಗರು ಹೆಚ್ಚಾಗಿ ಪುಸ್ತಕದಲ್ಲೇ ನೋಡುತ್ತಾರೆ. ಲಾಂಗ್ ಕೇಸಿನಲ್ಲಿ ಇಡೀ ಮನುಷ್ಯ ಸಿಗುತ್ತಾನೆ. ಅದನ್ನು ಬಿಡಬಾರದು. ಅಲ್ಲಿ ಒಂದು ಕುರ್ಚಿ ಹಾಕಿ ಮೇಷ್ಟ್ರು ಕೂರಬೇಕು, ಅಷ್ಟೇ.

ನಮ್ಮ ಕಾಲೇಜುಗಳಲ್ಲಿ ಇದು ಇನ್ನೂ ಜಾಸ್ತಿ ಬೇಕು. ಕಾರಣ, ಭಾಷೆ. ರೋಗಿ "ಸಂಕಟ ಆಗ್ತದೆ" ಅಂತಾರೆ. ಒಬ್ಬರಿಗೆ ಅದು ವಾಂತಿ ಬರುವ ಹಾಗಾಗುವುದು, ಇನ್ನೊಬ್ಬರಿಗೆ ಎದೆ ಹಿಂಡಿದ ಹಾಗಾಗುವುದು. ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿ ಇದನ್ನು ಏನಂತ ಬರೆದುಕೊಂಡ? ಇಂಗ್ಲಿಷಿನಲ್ಲಿ ಕೇಸ್ ಒಪ್ಪಿಸುವಾಗ ಈ ತಪ್ಪು ಕಾಣುವುದೇ ಇಲ್ಲ. ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ.

2019ರಲ್ಲಿ ಭಾರತದಲ್ಲಿ ಹೊಸ ಎಂಬಿಬಿಎಸ್ ಪಠ್ಯಕ್ರಮ ಬಂತು. ಮೊದಲಲ್ಲೇ ಫೌಂಡೇಶನ್ ಕೋರ್ಸ್, ಅದರಲ್ಲಿ ಸ್ಥಳೀಯ ಭಾಷೆ, ನಂತರ ನಡತೆ, ನೀತಿ, ಸಂವಹನಕ್ಕೆ ಅಂತಲೇ ಪಾಠ, ಕಲಿತದ್ದನ್ನು ಬರೆದು ಮೇಷ್ಟ್ರ ಸಹಿ ಹಾಕಿಸುವ ಲಾಗ್ ಬುಕ್. ಮೇಷ್ಟ್ರುಗಳಿಗೂ ಕಲಿಸುವುದನ್ನು ಕಲಿಸುವ ತರಬೇತಿ. ನನಗೆ ತುಂಬಾ ಖುಷಿಯಾಯಿತು. ಆದರೆ ಊರಿಗೆ ಹೋದಾಗ ಪಾಠ ಮಾಡುವ ಗೆಳೆಯರನ್ನು ಕೇಳಿದರೆ, "ಲಾಗ್ ಬುಕ್ಕಿಗೆ ಸಹಿ ಹಾಕೋದ್ರಲ್ಲೇ ಕೈ ಬಿದ್ದು ಹೋಗುತ್ತೆ, ಕೂತು ನೋಡೋಕೆ ಟೈಮ್ ಎಲ್ಲಿದೆ ಮಾರಾಯಾ?" ಅಂತಾರೆ. ಅವರ ಕಷ್ಟ ನಿಜ. ಓಪಿಡಿ, ಆಪರೇಷನ್, ಪ್ರಮೋಷನ್ನಿಗೆ ಬೇಕಾದ ಪೇಪರು, ಎಲ್ಲವೂ ಅವರ ತಲೆ ಮೇಲೇ. ಇಲ್ಲಿ ಟ್ರೇನಿಗಳನ್ನು ನೋಡಿಕೊಳ್ಳುವ ಕನ್ಸಲ್ಟೆಂಟಿಗೆ ಆ ಕೆಲಸದ ಹೊತ್ತನ್ನು ವಾರದ ವೇಳಾಪಟ್ಟಿಯಲ್ಲೇ ಬರೆದು ಕೊಡುತ್ತಾರೆ. ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ.

ಒಂದು ಸಣ್ಣ ಲೆಕ್ಕ ಹಾಕಿದೆ. ಒಂದು ಬ್ಯಾಚಿನಲ್ಲಿ 250 ಜನ ಅಂತಿಟ್ಟುಕೊಳ್ಳಿ. ಒಬ್ಬೊಬ್ಬರನ್ನೂ ವರ್ಷಕ್ಕೆ ನಾಲ್ಕು ಸಲ ನೋಡಬೇಕು. ಹತ್ತು ನಿಮಿಷ ನೋಡಲು, ಐದು ನಿಮಿಷ ಮಾತಾಡಲು. ಒಟ್ಟು 250 ಗಂಟೆ. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳ ವಿಭಾಗ ಸೇರಿ ಮೇಷ್ಟ್ರುಗಳು, ಸೀನಿಯರ್ ಪಿಜಿಗಳು 50 ಜನ ಹಂಚಿಕೊಂಡರೆ ತಲೆಗೆ ಐದು ಗಂಟೆ. ಅದೂ ಇಡೀ ವರ್ಷಕ್ಕೆ.

ಕಳೆದ ಸಲ ಊರಿಗೆ ಹೋದಾಗ ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಗೆಳೆಯನ ಕೈಗೆ ಕೊಟ್ಟೆ. ಎರಡು ಸಲ ಓದಿ ಜೇಬಿಗೆ ಹಾಕಿಕೊಂಡ. ಒಂದು ತಿಂಗಳ ಮೇಲೆ ವಾಟ್ಸಾಪಿನಲ್ಲಿ ಬರೆದ: "ಮೂರು ಜನರನ್ನು ನೋಡಿದೆ. ಮೂರೂ ಜನ ನಿಂತುಕೊಂಡೇ ಮಾತಾಡಿಸಿದರು. ನಾಳೆಯಿಂದ ಪ್ರತಿ ಮಂಚದ ಪಕ್ಕ ಒಂದು ಸ್ಟೂಲ್ ಹಾಕಿಸ್ತಾ ಇದ್ದೀನಿ."