ಹಳೆಯ ಆಟದ ಯಂತ್ರಕ್ಕೆ ಯಾವ ಡಿಸ್ಕ್? ನನ್ನ ಮತ ಸಿಎಫ್ ಕಾರ್ಡಿಗೆ

ಅಕ್ಕನ ಮಗ ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿಂದ ಪೆಂಟಿಯಮ್ 3ರ ಕಾಲದ ಮದರ್‌ಬೋರ್ಡ್ ಒಂದನ್ನು ತಂದಿದ್ದಾನೆ. ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ ಇರುವಂಥದ್ದು. ಅದಕ್ಕೆ ವಿಂಡೋಸ್ 98 ಹಾಕಿ, ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದ ಆಟಗಳಿಂದ ಹಿಡಿದು ಏಜ್ ಆಫ್ ಎಂಪೈರ್ಸ್‌ವರೆಗೆ ಎಲ್ಲವನ್ನೂ ಆಡಬೇಕೆಂಬ ಆಸೆ ಅವನದು. "ಮಾಮ, ಒಂದು ಎಸ್‌ಎಸ್‌ಡಿ ಹಾಕಿದರೆ ಮುಗಿಯಿತಲ್ಲವೇ?" ಎಂದು ಕೇಳಿದ. ತಿರುಗುವ ಭಾಗಗಳಿಲ್ಲದ, ಚಿಪ್‌ಗಳಲ್ಲೇ ಎಲ್ಲವನ್ನೂ ಇಡುವ ಇಂದಿನ ವೇಗದ ಡಿಸ್ಕ್ ಅದು. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಗೆಳೆಯರ ಬಳಗದಲ್ಲಿ ಈ ಪ್ರಶ್ನೆ ಎದ್ದಾಗಲೆಲ್ಲ ಮಾತು ಜೋರಾಗುತ್ತದೆ. ಆ ಕಾಲದ ಹಾರ್ಡ್ ಡಿಸ್ಕೇ ಇರಬೇಕು ಎನ್ನುವವರು ಕೆಲವರು, ವೇಗವೇ ಮುಖ್ಯ ಎನ್ನುವವರು ಕೆಲವರು. ನಾನು ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡಿನ, ಅಂದರೆ ಕ್ಯಾಮೆರಾಗಳಲ್ಲಿ ಬಳಸುತ್ತಿದ್ದ ಸಿಎಫ್ ಎಂಬ ಮೆಮೊರಿ ಕಾರ್ಡಿನ ಪರ.

ಎಸ್‌ಎಸ್‌ಡಿಯ ವೇಗದ ಮಾತನ್ನು ಮೊದಲು ಮುಗಿಸುತ್ತೇನೆ. 440ಬಿಎಕ್ಸ್ ಬೋರ್ಡಿನಲ್ಲಿ ಡಿಸ್ಕ್ ಜೋಡಿಸುವ ಹಳೆಯ ದಾರಿಯಾದ ಐಡಿಇಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 33 ಎಂಬಿ ಹರಿಯುತ್ತದೆ. 500 ಎಂಬಿ ವೇಗದ ಡಿಸ್ಕ್ ತಂದು ಜೋಡಿಸಿದರೂ ಅಷ್ಟೇ. ಇಂದಿನ ಡಿಸ್ಕುಗಳ ಜೋಡಣೆಯಾದ ಸಾಟಾವನ್ನು ಐಡಿಇಗೆ ಬದಲಿಸುವ ಪರಿವರ್ತಕ ಬೇರೆ ಬೇಕು. ಖಾಲಿಯಾದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಆದೇಶ ವಿಂಡೋಸ್ 98ಕ್ಕೆ ಗೊತ್ತೇ ಇಲ್ಲ.

ನಿಜವಾದ ತೊಡಕು ಗಾತ್ರದ್ದು. ಇಲ್ಲಿ ದೊಡ್ಡದು ಒಳ್ಳೆಯದು ಎಂಬ ಇಂದಿನ ಲೆಕ್ಕ ನಡೆಯುವುದಿಲ್ಲ. ಪೆಂಟಿಯಮ್‌ಗೂ ಹಿಂದಿನ 486 ಯಂತ್ರಗಳ ಬಯೋಸ್ (ಯಂತ್ರ ಶುರುವಾದಾಗ ಮೊದಲು ಓಡುವ ತಂತ್ರಾಂಶ) ಡಿಸ್ಕಿನ ಜಾಗವನ್ನು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ಗಳವರೆಗೆ ಮಾತ್ರ ಎಣಿಸುತ್ತಿತ್ತು. ಸೆಕ್ಟರ್ ಒಂದಕ್ಕೆ 512 ಬೈಟಿನಂತೆ ಗುಣಿಸಿ ನೋಡಿದರೆ 528 ಎಂಬಿ. ಆಮೇಲಿನ ಗೋಡೆ 8.4 ಜಿಬಿಯದು. ತೊಂಬತ್ತರ ದಶಕದ ಕೊನೆಯ ಅನೇಕ ಬೋರ್ಡುಗಳು 32 ಜಿಬಿಗಿಂತ ದೊಡ್ಡ ಡಿಸ್ಕ್ ಕಂಡರೆ ಮೊದಲ ಪರದೆಯಲ್ಲೇ ನಿಂತುಬಿಡುತ್ತವೆ. ಬಯೋಸ್ ನವೀಕರಣ ಸಿಕ್ಕರೆ ಬದುಕಿದಿರಿ. ವಿಂಡೋಸ್ 98ರಲ್ಲಿ ಡಿಸ್ಕನ್ನು ಭಾಗ ಮಾಡುವ ಮೂಲ ತಂತ್ರಾಂಶ ಎಫ್‌ಡಿಸ್ಕ್ 64 ಜಿಬಿ ದಾಟಿದ ಡಿಸ್ಕಿನ ಅಳತೆಯನ್ನೇ ತಪ್ಪಾಗಿ ತೋರಿಸುತ್ತದೆ. 137 ಜಿಬಿ ದಾಟಿದರೆ ಅಪಾಯ ಇನ್ನೂ ದೊಡ್ಡದು: ಯಂತ್ರ ನಿಲ್ಲುವುದಿಲ್ಲ, ಎಚ್ಚರಿಕೆ ಕೊಡುವುದಿಲ್ಲ, ಆ ಗಡಿಯಾಚೆ ಬರೆಯಬೇಕಾದದ್ದನ್ನು ಡಿಸ್ಕಿನ ಆರಂಭಕ್ಕೆ ತಂದು ಬರೆದು, ಅಲ್ಲಿದ್ದ ಕಡತಗಳನ್ನು ಹಾಳುಮಾಡುತ್ತದೆ. ಶುದ್ಧ ಡಾಸ್ 6.22 ಬೇಕೆನ್ನುವವರಿಗೆ ಒಂದು ಪಾರ್ಟಿಷನ್ನಿಗೆ (ಡಿಸ್ಕಿನ ಒಂದು ಭಾಗಕ್ಕೆ) 2 ಜಿಬಿಯೇ ಮಿತಿ. ಆ 2 ಜಿಬಿಯನ್ನು ಪೂರ್ತಿ ಒಂದೇ ಪಾರ್ಟಿಷನ್ ಮಾಡಿದರೆ ನೂರು ಅಕ್ಷರದ ಕಡತವೂ 32 ಕೆಬಿ ಜಾಗ ಹಿಡಿಯುತ್ತದೆ. ಸಣ್ಣ ಸಣ್ಣ ಕಡತಗಳೇ ತುಂಬಿರುವ ಡಾಸ್ ಆಟಗಳಿಗೆ ಇದು ದೊಡ್ಡ ಪೋಲು. ಆದ್ದರಿಂದ ಡಾಸ್ ಯಂತ್ರಕ್ಕೆ 2 ಅಥವಾ 4 ಜಿಬಿ, ವಿಂಡೋಸ್ 98ಕ್ಕೆ 16 ಜಿಬಿ. ಇದಕ್ಕಿಂತ ಹೆಚ್ಚು ಬೇಕೆಂದು ನನಗೆ ಅನಿಸಿಯೇ ಇಲ್ಲ.

ಈ ಗಾತ್ರಗಳಲ್ಲಿ ಸಲೀಸಾಗಿ ಹೊಂದುವುದು ಸಿಎಫ್ ಕಾರ್ಡ್. 1994ರಲ್ಲಿ ಸ್ಯಾನ್‌ಡಿಸ್ಕ್ ಇದನ್ನು ತಂದಾಗಲೇ ಐಡಿಇ ಡಿಸ್ಕಿನ ಭಾಷೆಯನ್ನು ಇದಕ್ಕೆ ಕಲಿಸಿತ್ತು. ಹಾಗಾಗಿ ಕಾರ್ಡನ್ನು ಐಡಿಇಗೆ ಜೋಡಿಸುವ ಅಡಾಪ್ಟರಿನಲ್ಲಿ ಅನುವಾದ ಮಾಡುವ ಚಿಪ್ ಬೇಕಿಲ್ಲ. ತಂತಿಗಳು ಇಲ್ಲಿಂದ ಅಲ್ಲಿಗೆ ಹೋದರೆ ಸಾಕು. ಎಸ್‌ಡಿ ಕಾರ್ಡಿನ ಅಡಾಪ್ಟರಿಗೆ ಆ ಚಿಪ್ ಬೇಕೇ ಬೇಕು. ಕೆಲಸವೇನೋ ನಡೆಯುತ್ತದೆ, ಆದರೆ ನಡುವೆ ಇನ್ನೊಬ್ಬ ದುಭಾಷಿ ಇಲ್ಲದಿರುವುದೇ ನನಗೆ ಇಷ್ಟ.

ಅಡಾಪ್ಟರ್ ಕೊಳ್ಳುವಾಗ ಕಣ್ಣು ತೆರೆದು ನೋಡಿ. ಅಗ್ಗದ ಕೆಲವು ಅಡಾಪ್ಟರುಗಳಲ್ಲಿ ಡಿಎಂಎಗೆ (ಪ್ರೊಸೆಸರಿಗೆ ಹೊರೆಯಾಗದೆ ಡಿಸ್ಕಿನಿಂದ ನೇರ ಮೆಮೊರಿಗೆ ಸಾಗಿಸುವ ವಿಧಾನಕ್ಕೆ) ಬೇಕಾದ ತಂತಿಗಳನ್ನೇ ಜೋಡಿಸಿರುವುದಿಲ್ಲ. ವಿಂಡೋಸ್‌ನಲ್ಲಿ ಡಿಎಂಎ ಚಾಲೂ ಮಾಡಿದ ಕೂಡಲೇ ಯಂತ್ರ ಸ್ತಬ್ಧವಾಗಬಹುದು. ಕಾರ್ಡಿನ ಅಂಚಿನಲ್ಲಿ ಎರಡು ಸಾಲಾಗಿ ಐವತ್ತು ಸಣ್ಣ ತೂತುಗಳಿರುತ್ತವೆ, ಅಡಾಪ್ಟರಿನೊಳಗೆ ಅಷ್ಟೇ ಸೂಜಿಯಂಥ ಪಿನ್‌ಗಳು. ಸ್ವಲ್ಪ ಓರೆಯಾಗಿ ತುರುಕಿದರೂ ಒಂದು ಪಿನ್ ಬಾಗುತ್ತದೆ, ಅದನ್ನು ನೇರ ಮಾಡುವುದು ಕಣ್ಣಿಗೂ ಬೆರಳಿಗೂ ಶಿಕ್ಷೆ. ಅಂಗಡಿಯಲ್ಲೇ ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿಯೇ ಹಣ ಕೊಡಿ. ವಿಂಡೋಸ್ ಎಕ್ಸ್‌ಪಿ ಹಾಕುವವರು ಸ್ಥಿರ ಡಿಸ್ಕ್ ಎಂದು ಗುರುತಿಸಿಕೊಳ್ಳುವ ಕೈಗಾರಿಕಾ ದರ್ಜೆಯ ಕಾರ್ಡನ್ನೇ ಹುಡುಕಬೇಕು. ಕ್ಯಾಮೆರಾಗೆಂದು ಮಾಡಿದ ಕಾರ್ಡುಗಳಲ್ಲಿ ಎಕ್ಸ್‌ಪಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಪಾರ್ಟಿಷನ್ ಒಪ್ಪುವುದಿಲ್ಲ.

ಕಾರ್ಡಿನ ಬಹುದೊಡ್ಡ ಗುಣವೆಂದರೆ ಅದನ್ನು ಹೊರತೆಗೆಯಬಹುದು. ಯಂತ್ರ ಆರಿಸಿ, ಕಾರ್ಡ್ ತೆಗೆದು, ಲ್ಯಾಪ್‌ಟಾಪಿನ ಕಾರ್ಡ್ ರೀಡರಿಗೆ ಹಾಕಿದರೆ ಇಡೀ ಡಿಸ್ಕಿನ ಯಥಾಪ್ರತಿ ಒಂದೇ ಕಡತವಾಗಿ ಸಿಗುತ್ತದೆ. ಡ್ರೈವರುಗಳು, ಸೌಂಡ್ ಕಾರ್ಡಿನ ಹೊಂದಾಣಿಕೆ, ಆಟದಲ್ಲಿ ಉಳಿಸಿದ ಹಂತಗಳು, ಎಲ್ಲವೂ. ನಾಳೆ ಕಾರ್ಡ್ ಕೆಟ್ಟರೆ ಇನ್ನೊಂದಕ್ಕೆ ಅದನ್ನೇ ಇಳಿಸಿದರಾಯಿತು. ಕ್ವೇಕ್‌ನಂಥ ಆಟಗಳಿಗೆ ಮಾತ್ರ ಸಿಡಿ ಡ್ರೈವನ್ನೂ ಉಳಿಸಿಕೊಳ್ಳಿ. 1996ರ ಆ ಆಟದ ಸಂಗೀತ ಸಿಡಿಯಲ್ಲಿ ಆಡಿಯೋ ಹಾಡುಗಳಾಗಿಯೇ ಇದೆ. ಬರೀ ಕಡತಗಳನ್ನು ನಕಲು ಮಾಡಿಕೊಂಡರೆ ಆಟದ ಸಂಗೀತ ಕೇಳಿಸುವುದಿಲ್ಲ.

ಹಳೆಯ ಹಾರ್ಡ್ ಡಿಸ್ಕಿನ ಪರವಾಗಿರುವವರ ಮನಸ್ಸು ನನಗೆ ಅರ್ಥವಾಗುತ್ತದೆ. ಗುಂಡಿ ಒತ್ತಿದಾಗ ಏರುವ ಆ ತಿರುಗುವ ಸದ್ದು, ಆಟ ತೆರೆಯುವಾಗಿನ ಕಟಕಟ, ಇವಿಲ್ಲದೆ ಏನೋ ಕಳೆದಂತೆ ಎನ್ನುತ್ತಾರೆ. ನನಗೂ ಆ ಸದ್ದು ಪ್ರಿಯ. ಆದರೆ ಅವು ಇಪ್ಪತ್ತು ವರ್ಷ ದಾಟಿದ ಯಂತ್ರಗಳು. ಸಾಮಾನ್ಯ ಹಾರ್ಡ್ ಡಿಸ್ಕ್ ಪೂರ್ತಿ ಮುಚ್ಚಿದ ಡಬ್ಬಿಯೂ ಅಲ್ಲ. ಗಾಳಿಯ ಒತ್ತಡ ಸರಿದೂಗಿಸಲು ಅದಕ್ಕೊಂದು ಸೋಸುಕವಿರುವ ರಂಧ್ರವಿದೆ. ಮುಂಬೈಯ ಮಳೆಗಾಲದಲ್ಲಿ ಪುಸ್ತಕದ ಹಾಳೆಗಳೇ ಒದ್ದೆಯಾದಂತೆ ಮೆತ್ತಗಾಗುತ್ತವೆ. ಅಂಥ ಹವೆಯಲ್ಲಿ ಉಳಿದು ಬಂದ ಡಿಸ್ಕನ್ನು ದಿನವೂ ಓಡಿಸಿ ಸವೆಸುವುದಕ್ಕೆ ನನ್ನ ವಿರೋಧವಿದೆ. ಒಮ್ಮೆ ಓಡಿಸಿ, ಯಥಾಪ್ರತಿ ತೆಗೆದು, ಎತ್ತಿಡಬೇಕು.

ಯಾಕೆಂದರೆ ಆ ಡಿಸ್ಕುಗಳಲ್ಲಿ ಆಟಗಳಷ್ಟೇ ಇಲ್ಲ. ಮುಂಬೈಯ ಎಷ್ಟೋ ಕನ್ನಡ ಮನೆಗಳ ಮೊದಲ ಕಂಪ್ಯೂಟರಿನಲ್ಲಿ ಅಪ್ಪಂದಿರು ಬರಹ, ನುಡಿ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ ಪತ್ರಗಳು, ಸಂಘದ ವಾರ್ಷಿಕೋತ್ಸವದ ನಾಟಕದ ಪ್ರತಿಗಳು, ಊರಿನ ಫೋಟೋಗಳು ಇರುತ್ತವೆ. ಅಟ್ಟ ಖಾಲಿ ಮಾಡುವಾಗ ಅವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಡೊಂಬಿವಲಿ, ಕಲ್ಯಾಣ, ಠಾಣೆ ಕಡೆಯವರು ಮನೆಯಲ್ಲಿ ಹಳೆಯ ಐಡಿಇ ಡಿಸ್ಕ್ ಇದ್ದರೆ ಇನ್‌ಬಾಕ್ಸಿನಲ್ಲಿ ತಿಳಿಸಿ. ಯುಎಸ್‌ಬಿಗೆ ಜೋಡಿಸುವ ಸಲಕರಣೆ ನನ್ನಲ್ಲಿದೆ. ಭಾನುವಾರ ಮಧ್ಯಾಹ್ನ ಬನ್ನಿ, ನಿಮ್ಮ ಎದುರೇ ನಕಲು ಮಾಡಿ ಡಿಸ್ಕನ್ನು ನಿಮ್ಮ ಕೈಗೇ ಕೊಡುತ್ತೇನೆ. ನಕಲು ತುಂಬಿಕೊಳ್ಳಲು ಒಂದು ಪೆನ್‌ಡ್ರೈವ್ ತಂದರೆ ಸಾಕು.