ಬಣ್ಣಕ್ಕೆ ಪುಟಗಟ್ಲೆ ಆಯ್ಕೆ, ನೆಕ್ ಅಳತೆ ಮಾತ್ರ ಕೇಳ್ಬೇಡಿ

ಮೂರು ವಾರದಿಂದ ಒಂದು ಕಸ್ಟಮ್ ಎಲೆಕ್ಟ್ರಿಕ್ ಗಿಟಾರ್ ಆರ್ಡರ್ ಫಾರ್ಮ್ ತುಂಬ್ತಾ ಇದೀನಿ, ಇನ್ನೂ ಮುಗಿದಿಲ್ಲ. ಬಣ್ಣಕ್ಕೆ ಪುಟಗಟ್ಲೆ ಆಯ್ಕೆ, ನಾಬ್‌ಗೂ ಫೋಟೋ ಇದೆ, ಆದ್ರೆ ನೆಕ್ (ಕೈಲಿ ಹಿಡಿಯೋ ಉದ್ದನೆ ಕುತ್ತಿಗೆ ಭಾಗ) ಅಂತ ಬಂದ್ರೆ ಬರೀ ‘ಸ್ಲಿಮ್ ಸಿ’, ‘ಮೀಡಿಯಂ ಸಿ’ ಅಂತ ಆಕಾರದ ಹೆಸರು ಅಷ್ಟೇ. ಅಲ್ಲಾ ಸ್ವಾಮಿ, ದಿನಾ ಗಂಟೆಗಟ್ಲೆ ಕೈಯಲ್ಲಿ ಹಿಡ್ಕೊಳ್ಳೋದು ಅದನ್ನೇ ತಾನೇ, ಮೊದಲ್ನೇ ಫ್ರೆಟ್ (ನೆಕ್ ಮೇಲಿನ ಲೋಹದ ಅಡ್ಡಪಟ್ಟಿ) ಹತ್ರ ಎಷ್ಟು ಮಿಲಿಮೀಟರ್ ದಪ್ಪ, 12ನೇದ್ರ ಹತ್ರ ಎಷ್ಟು ಅಂತ ಬರೆಯೋಕೆ ಏನು ಕಷ್ಟ? 20 ಮಿ.ಮೀ.ಗೂ 22ಕ್ಕೂ ಕಾಗದದ ಮೇಲೆ ಎರಡೇ ವ್ಯತ್ಯಾಸ, ಆದ್ರೆ ಹೆಬ್ಬೆರಳಿಗೆ ಅದು ಬೇರೆ ವಾದ್ಯಾನೇ. ಸ್ಕೇಲ್, ಅಂದ್ರೆ ಮೀಟೋ ತಂತಿಯ ಉದ್ದ, 25.5 ಇಂಚಾ 24.75ಆ ಅನ್ನೋದಾದ್ರೂ ಕೊಟ್ಟಿದಾರೆ, ಚಿಕ್ಕದಾದ್ರೆ ತಂತಿ ಸ್ವಲ್ಪ ಸಡಿಲ, ಬೆಂಡ್ (ತಂತಿನ ಪಕ್ಕಕ್ಕೆ ತಳ್ಳಿ ಸ್ವರ ಏರಿಸೋದು) ಸುಲಭ, ಸರಿ. ಆದ್ರೆ ಫಿಂಗರ್‌ಬೋರ್ಡ್ ರೇಡಿಯಸ್ (ಬೆರಳಿಡೋ ಹಲಗೆಯ ಬಾಗು) 7.25 ಇಂಚು, ಅಂದ್ರೆ ಬಾಗು ಜಾಸ್ತಿ ಇರೋದು ತಗೊಂಡು, ಆಕ್ಷನ್ (ಫ್ರೆಟ್ ಮೇಲೆ ತಂತಿಯ ಎತ್ತರ) ಕಮ್ಮಿ ಇಟ್ರೆ ಮೇಲಿನ ಫ್ರೆಟ್‌ಗಳಲ್ಲಿ ಬೆಂಡ್ ಮಾಡುವಾಗ ನೋಟ್ ಸತ್ತೇ ಹೋಗ್ಬೋದು ಅಂತ ಎಲ್ಲೂ ಒಂದು ಸಾಲಿಲ್ಲ. ಮಂಗಳೂರಿನ ಸೆಕೆ, ಬೆವರಿಗೆ ಸ್ಟೇನ್‌ಲೆಸ್ ಫ್ರೆಟ್ ಬೇಕೇ ಬೇಕು ನಂಗೆ, ಕೇಳಿದ್ರೆ ‘ಸ್ಪೆಷಲ್ ರಿಕ್ವೆಸ್ಟ್’, ಎಕ್ಸ್‌ಟ್ರಾ ದುಡ್ಡು. ಕೊನೇಲಿ ಕೆಂಪಕ್ಷರದಲ್ಲಿ, ಕಸ್ಟಮ್ ಆರ್ಡರ್ ವಾಪಸ್ ತಗೊಳ್ಳಲ್ಲ ಅಂತೆ. ವಾಪಸ್ ತಗೊಳ್ಳಲ್ಲ ಅಂದ್ಮೇಲೆ ಅಳತೆನಾದ್ರೂ ಪೂರ್ತಿ ಹೇಳ್ರಪ್ಪಾ!