ಹನ್ನೆರಡನೇ ತಾರೀಕಿನ ನಂತರ ಬಾಗಿಲು ಹಾಕುವ ಹೋಟೆಲು

ನನ್ನ ಅಕ್ಕನ ಮಗ ಮಂಗಳೂರಿನ ಬಿಜೈಯಲ್ಲಿ ಒಂದು ಸ್ಟಾರ್ಟಪ್ಪಿನಲ್ಲಿದ್ದಾನೆ. ಕಂಪನಿಯ ಹೆಸರಿನಲ್ಲಿ ಸ್ವರಗಳೇ ಇಲ್ಲ, ಬರೀ ವ್ಯಂಜನ. ಕನ್ನಡದಲ್ಲಿ ಬರೆಯಹೊರಟರೆ ಒತ್ತಕ್ಷರಗಳು ಒಂದರ ಕೆಳಗೊಂದು ಇಳಿದು ಕೆಳಗಿನ ಸಾಲನ್ನು ಒತ್ತುವರಿ ಮಾಡುತ್ತವೆ, ಆದ್ದರಿಂದ ಬರೆಯುವುದಿಲ್ಲ. ಅವರು ಮಾಡುವುದು ವ್ಯಾಪಾರಿಗಳ ಲೆಕ್ಕ ನೋಡಿ ಬುದ್ಧಿ ಹೇಳುವ ಸಾಫ್ಟ್‌ವೇರ್. ಹಾಗೆ ಹೇಳಿದರೆ ಅಳಿಯನಿಗೆ ಬೇಜಾರು. ‘ಬುದ್ಧಿ ಅಲ್ಲ ಮಾಮ, ಇನ್‌ಸೈಟ್. ಡೇಟಾ ಅನಲಿಟಿಕ್ಸ್.’

ಲೋಕಾರ್ಪಣೆ ಹತ್ತಿರ ಬಂದಿದೆ. ಹತ್ತಿರ ಬಂದು ಒಂದೂವರೆ ವರ್ಷವಾಯಿತು. ನನಗೇನೂ ಅವಸರವಿಲ್ಲ. ಪಂಪ್‌ವೆಲ್ ಮೇಲ್ಸೇತುವೆಗೆ ವರ್ಷಗಟ್ಟಲೆ ಕಾದು, 2020ರ ಜನವರಿ 31ಕ್ಕೆ ಅದು ಕಡೆಗೂ ತೆರೆದಾಗ, ಇನ್ನು ಜೋಕಿಗೆ ಎಂತ ಮಾಡುವುದು ಎಂದು ಚಿಂತೆಗೆ ಬಿದ್ದ ಊರಿನವನು ನಾನು. ಆದರೂ ಯಾವಾಗ ಎಂದು ಒಮ್ಮೆ ಬಾಯಿ ತಪ್ಪಿ ಕೇಳಿದೆ. ಇನ್ನೂ ಬೀಟಾ, ಅಂದರೆ ಪರೀಕ್ಷೆಯ ಹಂತ, ಎಂದ ಅಳಿಯ. ಜಿಮೇಲ್ 2004ರ ಏಪ್ರಿಲ್ 1ಕ್ಕೆ ಬಂದದ್ದು 2009ರ ಜುಲೈವರೆಗೂ ‘ಬೀಟಾ’ ಎಂದು ಹಣೆಗೆ ಹಚ್ಚಿಕೊಂಡೇ ತಿರುಗುತ್ತಿತ್ತಂತೆ. ಹಾಗಾದರೆ ಪಂಪ್‌ವೆಲ್ಲೂ ಬೀಟಾದಲ್ಲಿತ್ತು ಅನ್ನು. ಪಾಪ, ಗುತ್ತಿಗೆದಾರರಿಗೆ ಆ ಶಬ್ದ ಗೊತ್ತಿರಲಿಲ್ಲ.

ಪರೀಕ್ಷೆಗೆ ಇಬ್ಬರು ಗಿರಾಕಿಗಳು ಸಿಕ್ಕಿದ್ದರು. ಒಬ್ಬರು ಬಂದರು ದಕ್ಕೆಯಲ್ಲಿ ಬೋಟು ಇರುವ ಸಾವುಕಾರ್ರು. ಇನ್ನೊಬ್ಬರು ಉಡುಪಿ ರಥಬೀದಿಯ ಹತ್ತಿರ ಹೋಟೆಲಿಟ್ಟ ಭಟ್ರು.

ಸಾವುಕಾರ್ರ ಕಥೆ ಬೇಗ ಮುಗಿಯುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ವ್ಯಾಪಾರ ನೋಡಿದ ಸಾಫ್ಟ್‌ವೇರು ಜೂನಿನಲ್ಲಿ ಭಾರೀ ಲಾಭ ಎಂದು ಭವಿಷ್ಯ ನುಡಿಯಿತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ ಎಂಬುದು ದಕ್ಕೆಯ ಬೆಕ್ಕಿಗೂ ಗೊತ್ತು. ಜೂನ್ ಎರಡನೇ ವಾರ ಸಾವುಕಾರ್ರ ಫೋನಿಗೆ ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು: ‘ನಿಮ್ಮ ಮಾರಾಟ ನೂರಕ್ಕೆ ನೂರು ಕುಸಿದಿದೆ. ಗ್ರಾಹಕರಿಗೆ ರಿಯಾಯಿತಿ ಕೊಟ್ಟು ನೋಡಿ.’

‘ಯಾವುದಕ್ಕೆ ಕೊಡುದು ಮಾರಾಯ, ಐಸಿಗಾ?’ ಎಂದು ಸಾವುಕಾರ್ರು ಫೋನಿಟ್ಟರು.

ಅಳಿಯನ ತಂಡ ಕೂಡಲೇ ಸುಧಾರಣೆಗಿಳಿಯಿತು. ಸಾಫ್ಟ್‌ವೇರಿಗೆ ಹಬ್ಬ ಮತ್ತು ರಜೆಗಳ ಕ್ಯಾಲೆಂಡರ್ ಜೋಡಿಸಿದರು. ಪುಕ್ಕಟೆ ಸಿಕ್ಕಿದ ಕ್ಯಾಲೆಂಡರ್, ಅಮೆರಿಕದ್ದು. ಅಲ್ಲಿಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ನೋಡಿ, ಈಗ ಅದು ನವೆಂಬರಿನ ನಾಲ್ಕನೇ ಗುರುವಾರದಿಂದ ಬಂಗುಡೆಗೆ ಬೇಡಿಕೆ ಮುಗಿಲು ಮುಟ್ಟಲಿದೆ, ದಾಸ್ತಾನು ಮಾಡಿಕೊಳ್ಳಿ ಎನ್ನುತ್ತದೆ. ಇದನ್ನು ಬರೆದವರೆಲ್ಲ ದಿನಾ ಎರಡು ಹೊತ್ತು ಮೀನು ತಿಂದು ಬೆಳೆದ ಮಕ್ಕಳು ಎಂಬುದು ನನ್ನ ಅಕ್ಕನ ದೊಡ್ಡ ಸಂಕಟ.

ಭಟ್ರ ವಿಷಯ ಹಾಗಲ್ಲ. ಅವರು ಮೊದಲ ದಿನವೇ ನಾಲ್ಕು ವರ್ಷದ ಲೆಕ್ಕ ತಂದುಕೊಟ್ಟರು. ತಾರೀಕು ನಾವು ಬರೆಯುವ ಹಾಗೆ, ದಿನ ಮೊದಲು, ತಿಂಗಳು ಆಮೇಲೆ. ಸಾಫ್ಟ್‌ವೇರು ಅಮೆರಿಕದ ಹಾಗೆ ತಿಂಗಳನ್ನು ಮೊದಲು ಓದಿತು. ಜುಲೈ 4ರ ವ್ಯಾಪಾರ ಏಪ್ರಿಲ್ 7ಕ್ಕೆ ಹೋಗಿ ಕೂತಿತು. ಅದು ಬಿಡಿ, 13ನೇ ತಾರೀಕು ಬಂದಾಗ ಹದಿಮೂರನೇ ತಿಂಗಳು ಎಲ್ಲಿಂದ ತರುವುದು? ಪ್ರತಿ ತಿಂಗಳೂ ಅಲ್ಲಿಂದ ಮುಂದಿನ ಸಾಲುಗಳನ್ನೆಲ್ಲ ಕೈಬಿಟ್ಟಿತು. ಪರಿಣಾಮ, ಒಂದು ಚೆಂದದ ವರದಿ: ‘ನಿಮ್ಮ ಹೋಟೆಲು ಪ್ರತಿ ತಿಂಗಳು 12ನೇ ತಾರೀಕಿನ ನಂತರ ಮುಚ್ಚಿರುತ್ತದೆ. ತೆರೆದರೆ ಆದಾಯ ಹೆಚ್ಚುವ ಸಾಧ್ಯತೆ ಇದೆ.’

ಭಟ್ರು ವರದಿಯನ್ನು ಎರಡು ಸಲ ಓದಿ, ಅಡುಗೆಮನೆಯತ್ತ ತಿರುಗಿ, ‘ಹೌದಾ ಮಾಣಿ, ನಾವು ಬಾಗಿಲು ಹಾಕ್ತೇವಾ?’ ಎಂದು ಕೇಳಿದರಂತೆ.

‘ದೊಡ್ಡವರಿಗೂ ಹೀಗೆ ಆಗ್ತದೆ ಮಾಮ’ ಅಂದ ಅಳಿಯ. ಆಗಿದೆ, ಸುಳ್ಳಲ್ಲ. 2020ರಲ್ಲಿ ಇಂಗ್ಲೆಂಡಿನ ಆರೋಗ್ಯ ಇಲಾಖೆಯವರು ಹಳೆಯ ಮಾದರಿಯ ಎಕ್ಸೆಲ್ ಕಡತ ಬಳಸಿ, ಅದು 65,536 ಸಾಲಿಗೆ ತುಂಬಿ ತುಳುಕಿ, ಹದಿನೈದು ಸಾವಿರಕ್ಕೂ ಹೆಚ್ಚು ಕೋವಿಡ್ ರೋಗಿಗಳು ಎಣಿಕೆಯಿಂದಲೇ ಬಿದ್ದುಹೋಗಿದ್ದರು. ಹಾಗೆಂದು ಭಟ್ರಿಗೆ ಸಮಾಧಾನ ಹೇಳಲಾಗುತ್ತದಾ? ದೋಷವನ್ನು ಸರಿಪಡಿಸಿದ ಬಗೆಯನ್ನಾದರೂ ಕೇಳಿ. ಹಳೆಯ ಲೆಕ್ಕವನ್ನೆಲ್ಲ ತಿಂಗಳು ಮೊದಲಾಗಿ ಇನ್ನೊಮ್ಮೆ ಬರೆದು ಕೊಡಿ, ಇನ್ನು ಮುಂದೆಯೂ ತಿಂಗಳನ್ನೇ ಮೊದಲು ಬರೆಯಿರಿ ಎಂದು ಭಟ್ರಿಗೆ ಹೇಳಿದರು.

ಪರ್ಯಾಯದ ರಾತ್ರಿಯದು ಇನ್ನೊಂದು ರಗಳೆ. 2024ರ ಜನವರಿ 18, ಕೃಷ್ಣ ಮಠದ ಪೂಜೆಯ ಸರದಿ ಪುತ್ತಿಗೆ ಮಠಕ್ಕೆ ಬಂದ ಪರ್ಯಾಯ. ಇಡೀ ಉಡುಪಿ ನಿದ್ದೆ ಬಿಟ್ಟ ರಾತ್ರಿ, ಭಟ್ರ ಹೋಟೆಲಿನಲ್ಲಿ ಕಾಫಿ ಲೋಟ ತೊಳೆಯಲಿಕ್ಕೆ ಬೇರೆ ಜನ ಇಟ್ಟಿದ್ದರು. ಅಂದಿನ ವ್ಯಾಪಾರ ನೋಡಿ ಸಾಫ್ಟ್‌ವೇರಿಗೆ ಗುಮಾನಿ ಬಂತು. ಇಷ್ಟು ಕಾಫಿ ಒಂದು ರಾತ್ರಿಯಲ್ಲಿ ಮಾರಲು ಸಾಧ್ಯವಿಲ್ಲ, ಇದು ಅಸಹಜ ಎಂದು ಇಡೀ ದಿನವನ್ನೇ ಅಳಿಸಿತು. ಎರಡು ವರ್ಷಕ್ಕೊಮ್ಮೆ ಬರುವ ದಿನ, ಅದನ್ನು ನಂಬಿಯೇ ಭಟ್ರು ಹೊಸ ಗ್ರೈಂಡರ್ ತಕೊಂಡದ್ದು.

ಇಷ್ಟೆಲ್ಲ ಆದ ಮೇಲೆ ಬೆಂಗಳೂರಿನಿಂದ ಹೂಡಿಕೆದಾರರು ಬಂದು ಪರಿಶೀಲಿಸಿದರು. ಅವರು ಕಂಡುಹಿಡಿದ ದೋಷ ಬೇರೆಯೇ: ಪರದೆಯ ಮೇಲೆ ಕೆಂಪು ಹೆಚ್ಚಾಯಿತು. ಬಳಕೆದಾರರ ಮನಸ್ಸು ಮುದುಡುತ್ತದಂತೆ. ಆ ತಿಂಗಳಿಡೀ ಎಂಜಿನಿಯರುಗಳು ಕೆಂಪನ್ನು ಕಿತ್ತಳೆ ಮಾಡಿದರು. ‘ನಷ್ಟ’ ಎಂದಿದ್ದಲ್ಲಿ ‘ಬೆಳೆಯಲು ಜಾಗ’ ಬಂತು. ಗ್ರಾಫನ್ನು ಸೊನ್ನೆಯಿಂದ ಶುರು ಮಾಡುವ ಹಳೇ ಪದ್ಧತಿ ಕೈಬಿಟ್ಟು 98ರಿಂದ ಶುರು ಮಾಡಿದರು. ಈಗ 98 ಇದ್ದದ್ದು 100 ಆದರೆ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದ ಹಾಗೆ ಕಾಣುತ್ತದೆ. ಅದಕ್ಕೂ ಮಿಗಿಲಾದ ಉಪಾಯ, ಇವತ್ತಿನದ್ದನ್ನು ನಿನ್ನೆಯದಕ್ಕೆ ಕೂಡಿಸುತ್ತಲೇ ಹೋಗುವ ಗ್ರಾಫು. ಅದು ಇಳಿಯುವ ಪ್ರಶ್ನೆಯೇ ಇಲ್ಲ. ಹೋಟೆಲಿಗೆ ಬೀಗ ಜಡಿದರೂ ಗೆರೆ ಅಡ್ಡಡ್ಡ ಹೋದೀತು, ಕೆಳಗೆ ಬರಲಿಕ್ಕಿಲ್ಲ. ಕಂಪನಿ ತನ್ನ ಬಳಕೆದಾರರ ಲೆಕ್ಕವನ್ನೂ ಇದೇ ಗ್ರಾಫಿನಲ್ಲಿ ತೋರಿಸುತ್ತದೆ. ಅದರಲ್ಲಿ ನಾನು ಮೂವರು. ಎರಡು ಸಲ ಪಾಸ್‌ವರ್ಡ್ ಮರೆತು ಹೊಸದಾಗಿ ಸೇರಿದೆ.

ಇಲ್ಲಿಗೆ ನಾನು ಭಟ್ರ ಪಕ್ಷ ವಹಿಸಿ, ಅನುಭವದ ಮುಂದೆ ಕಂಪ್ಯೂಟರ್ ಎಂತ ಮಹಾ ಎಂದು ಮುಗಿಸಬಹುದಿತ್ತು. ಭಟ್ರು ಬಿಡಲಿಲ್ಲ. ಕಳೆದ ವಾರ ಅಳಿಯನನ್ನು ಒಳಗೆ ಕರೆದು ಬಾಳೆಎಲೆ ಹಾಕಿ ಊಟಕ್ಕೆ ಕೂರಿಸಿ, ಮಜ್ಜಿಗೆಯ ಹೊತ್ತಿಗೆ ವಿಷಯಕ್ಕೆ ಬಂದರು.

‘ಗ್ರಾಫು ಚಂದ ಉಂಟು. ನನಗೆ ಅದೇ ರೀತಿಯದ್ದು ಮೂರು ಬೇಕು. ಸಾಲಕ್ಕೆ ಬ್ಯಾಂಕಿನವರಿಗೆ ತೋರಿಸ್ಲಿಕ್ಕೆ ಮೇಲೆ ಹೋಗುವಂಥದ್ದು ಒಂದು. ತೆರಿಗೆಯವರಿಗೆ ಅಡ್ಡ ಮಲಗಿದ್ದು ಒಂದು. ಪಾಲು ಕೇಳುವ ತಮ್ಮನಿಗೆ ಕೆಳಗೆ ಬೀಳುವಂಥದ್ದು.’

‘ಹಾಗಾದ್ರೆ ನಿಜವಾದ ವ್ಯಾಪಾರ ಎಷ್ಟು ಭಟ್ರೇ?’

‘ಅದು ಪಿಗ್ಮಿಯವನಿಗೆ ಗೊತ್ತುಂಟು.’

ಪಿಗ್ಮಿ ಅಂದರೆ ನಮ್ಮ ಉಡುಪಿಯದ್ದೇ ಬೀಟಾ. 1928ರಲ್ಲಿ ಶುರುವಾದದ್ದು, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಿಂದ ಕಟ್ಟಿಸಿಕೊಳ್ಳುತ್ತಿದ್ದ ಠೇವಣಿ. ಶುರುಮಾಡಿದ ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಕರಗಿತು, ಪಿಗ್ಮಿ ಸಂಗ್ರಹಕಾರ ಮಾತ್ರ ಸಂಜೆಯಾದರೆ ಗಲ್ಲಾದ ಮುಂದೆ ಹಾಜರು. ಅಳಿಯ ಅವನನ್ನು ಹಿಡಿದು ಕೇಳಿದ. ಅವನು ನಕ್ಕ. ‘ಭಟ್ರು ದುಡ್ಡು ಎಸೆದು ಹೋಗಿ ಅಂದ್ರೆ ವ್ಯಾಪಾರ ಜೋರುಂಟು. ಬನ್ನಿ, ಕೂತ್ಕೊಳ್ಳಿ, ಒಂದು ಕಾಫಿ ಕುಡೀರಿ ಅಂದ್ರೆ ಇವತ್ತು ಕಷ್ಟ ಅಂತ ಅರ್ಥ.’

ಮರುದಿನವೇ ಸಾಫ್ಟ್‌ವೇರಿನಲ್ಲಿ ‘ಪುಕ್ಕಟೆ ಕಾಫಿ’ ಎಂಬ ಹೊಸ ಕಾಲಂ ಸೇರಿತು. ಮೂರು ಗ್ರಾಫಿನ ಬೇಡಿಕೆಯೂ ಒಪ್ಪಿಗೆಯಾಯಿತು, ಯಾಕೆಂದರೆ ಇಡೀ ಒಂದೂವರೆ ವರ್ಷದಲ್ಲಿ ದುಡ್ಡು ಕೊಟ್ಟು ತಕೊಳ್ಳುತ್ತೇನೆ ಎಂದು ಗಿರಾಕಿಯೊಬ್ಬರು ಕೇಳಿದ್ದು ಅದೊಂದನ್ನೇ. ‘ಪ್ರೀಮಿಯಂ’ ಎಂದು ಹೆಸರಿಟ್ಟಿದ್ದಾರೆ. ತಮ್ಮನ ಗ್ರಾಫಿಗೆ ಮಾತ್ರ ಕೆಂಪು ಬಣ್ಣ ವಾಪಸು ತರಬೇಕಾಗಿ ಬಂದಿದೆ.

ಲೋಕಾರ್ಪಣೆ ಜುಲೈ ಕೊನೆಗೆಂದು ನಿಗದಿಯಾಗಿತ್ತು. ಅದು ತುಳುವಿನ ಆಟಿ ತಿಂಗಳು. ಆಟಿಯಲ್ಲಿ ಯಾರಾದರೂ ಶುಭಕಾರ್ಯ ಮಾಡುತ್ತಾರಾ ಎಂದು ಸಂಸ್ಥಾಪಕರ ಅಮ್ಮ ಕೇಳಿದ್ದೇ, ಎರಡು ನಿಮಿಷದಲ್ಲಿ ಮುಂದೆ ಹೋಯಿತು. ಜೋಯಿಸರು ಅದರ ಮುಂದಿನ ಸೋಣ ತಿಂಗಳಲ್ಲಿ ಆಗಸ್ಟ್ 28 ಕೊಟ್ಟಿದ್ದಾರೆ. ಶುಕ್ರವಾರವಾದ್ದರಿಂದ ಹತ್ತೂವರೆಯಿಂದ ಹನ್ನೆರಡರ ತನಕ ರಾಹುಕಾಲ. ಹನ್ನೊಂದಕ್ಕೇ ಬಂದಿಳಿಯುವ ಹೂಡಿಕೆದಾರರನ್ನು ಅಷ್ಟು ಹೊತ್ತು ಗೋಳಿಬಜೆ ತಿನ್ನಿಸಿ ಕೂರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಮಂತ್ರಣವನ್ನು ಅವರದೇ ಸಾಫ್ಟ್‌ವೇರು ನಿನ್ನೆ ಎಲ್ಲರಿಗೂ ಕಳಿಸಿತು, ನನಗೆ ಮೂರು ಬಂದಿವೆ. ಮೂರರಲ್ಲೂ ಸ್ಥಳ ಉಂಟು, ಗಂಟೆ ಉಂಟು. ತಾರೀಕಿನ ಜಾಗದಲ್ಲಿ ಒಂದು ಗೀಟು ಉಂಟು.